ಸ್ಲೀವ್ ಆಪರೇಷನ್ ಮಾಡಿಸಿಕೊಳ್ಳಲೋ, ಇನ್ನೊಂದು ವರ್ಷ ಡಯಟ್ ನೋಡಲೋ?

ಬೆಣ್ಣೆನಗರಿಯವಳು

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ವಯಸ್ಸು 38, ಎತ್ತರ 162 ಸೆಂ.ಮೀ., ತೂಕ 104 ಕೆ.ಜಿ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 39.6 ಬರುತ್ತದೆ. ಶುಗರ್ ಬಂದು ಎಂಟು ವರ್ಷ ಆಯ್ತು. ಎರಡು ಥರದ ಮಾತ್ರೆ ನುಂಗಿದರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.9. ಗೊರಕೆ ಎಷ್ಟು ಅಂದರೆ ಮಗಳು ಪಕ್ಕದ ರೂಮಿಗೆ ಎದ್ದು ಹೋಗುತ್ತಾಳೆ. ಮಂಡಿ ನೋವು ಬೇರೆ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ ಡಾಕ್ಟರು ಸ್ಲೀವ್ (ಹೊಟ್ಟೆಯ ಬಹುಪಾಲು ತೆಗೆದು ತೂಕ ಇಳಿಸುವ ಆಪರೇಷನ್) ಮಾಡಿಸಿಕೊಳ್ಳಿ ಅಂದರು. ಖರ್ಚು ನಾಲ್ಕೂವರೆ ಲಕ್ಷದ ಆಸುಪಾಸು. ಯಜಮಾನರು "ನಿನ್ನಿಷ್ಟ" ಅಂತ ಕೈ ತೊಳೆದುಕೊಂಡರು. ಅತ್ತೆ ಮಾತ್ರ "ಹೊಟ್ಟೆ ಕೊಯ್ಸಿಕೊಳ್ಳೋಕೂ ದುಡ್ಡು ಕೊಡ್ತಾರಾ? ಬಾಯಿ ಕಟ್ಟಿದರೆ ಸಾಕು" ಅಂತಿದ್ದಾರೆ. ಬಾಯಿ ಕಟ್ಟದೇ ಇದ್ದವಳಲ್ಲ ನಾನು. ಕೀಟೊ ಆಯ್ತು, ಜಿಮ್ ಆಯ್ತು, ರಾತ್ರಿ ಊಟ ಬಿಟ್ಟಿದ್ದೂ ಆಯ್ತು. ಪ್ರತಿ ಸಲ ಹತ್ತು ಕೆ.ಜಿ. ಇಳಿಯುತ್ತದೆ, ಆಮೇಲೆ ಹದಿನೈದು ಏರುತ್ತದೆ.

ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಆಸ್ಪತ್ರೆಯ ಪೋಸ್ಟರಿನಲ್ಲಿ ಇಲ್ಲದ ವಿಷಯ ಹೇಳಿ. ಡಯಟ್‌ನಲ್ಲೇ ಇಳಿಸಿ, ಇಳಿದದ್ದನ್ನು ಉಳಿಸಿಕೊಂಡವರೂ ಹೇಳಿ.

ಮುದ್ದೆ_ಮಹಾರಾಜ

ಅಕ್ಕ, ದಯವಿಟ್ಟು ಬೇಡ. ಚೆನ್ನಾಗಿರೋ ಹೊಟ್ಟೆಗೆ ಕತ್ತರಿ ಹಾಕಿಸಿಕೊಳ್ಳೋದು ಯಾವ ಬುದ್ಧಿವಂತಿಕೆ? ಅನ್ನ ಬಿಡಿ. ಎರಡು ಹೊತ್ತು ರಾಗಿ ಮುದ್ದೆ, ಸೊಪ್ಪಿನ ಸಾರು. ಬೆಳಗ್ಗೆ ಒಂದು ಗಂಟೆ ವಾಕಿಂಗ್. ನಮ್ಮ ಮಂಡ್ಯದ ಕಡೆ ಹಳೇ ಕಾಲದವರಿಗೆ ಯಾರಿಗಿತ್ತು ಈ ಬೊಜ್ಜು?

ಸುಮ್ನೆ_ಬಂದೆ

ಹಳೇ ಕಾಲದವರು ಮುದ್ದೆ ತಿಂದು ಗದ್ದೆಗೆ ಹೋಗುತ್ತಿದ್ದರು ಗುರುವೇ. ನಾವು ಮುದ್ದೆ ತಿಂದು ಲ್ಯಾಪ್‌ಟಾಪ್ ತೆಗೆಯುತ್ತೇವೆ.

ಕೋಸಂಬರಿ_ಅಕ್ಕ

ನಾನು ಡಯಟೀಶಿಯನ್. ಮುದ್ದೆ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇದು ದಿನಾ ಕೇಳುವ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಇಷ್ಟೇ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆ ನುಂಗಿ "ಅನ್ನ ಬಿಟ್ಟೆ" ಅಂದರೆ ತೂಕದ ಮಿಷನ್ ಒಪ್ಪೋದಿಲ್ಲ.

ನಮ್ಮ ತಟ್ಟೆಯ ನಿಜವಾದ ಸಮಸ್ಯೆ ಬೇರೆ. ಐಸಿಎಂಆರ್-ಇಂಡಿಯಾಬ್ ಅನ್ನೋ ದೇಶದಾದ್ಯಂತದ ಶುಗರ್ ಸಮೀಕ್ಷೆ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಬರೋದು ಅಕ್ಕಿ, ಗೋಧಿ, ಸಕ್ಕರೆಯಂಥ ಕಾರ್ಬೋಹೈಡ್ರೇಟಿನಿಂದ. ಬೆಳಗ್ಗೆ ದೋಸೆ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ. ಬೇಳೆ ಸಾರಿನಲ್ಲಿ ಬೇಳೆಗಿಂತ ನೀರೇ ಜಾಸ್ತಿ. ಪ್ರೊಟೀನ್ ಎಲ್ಲಿದೆ?

ಬೆಣ್ಣೆನಗರಿ ಮೇಡಂ, ನಿಮ್ಮ ವಿಷಯಕ್ಕೆ ಆಮೇಲೆ ಬರುತ್ತೇನೆ. ಒಂದು ಮಾತ್ರ ಈಗಲೇ ಹೇಳುತ್ತೇನೆ, ನಾನು ಆಪರೇಷನ್ ವಿರೋಧಿ ಅಲ್ಲ.

ಸ್ಲೀವ್_ಆದವ

ಮೈಸೂರಿನವನು. 2019ರಲ್ಲಿ ಸ್ಲೀವ್ ಮಾಡಿಸಿಕೊಂಡೆ. ಆಗ 128 ಕೆ.ಜಿ. ಒಂದೂವರೆ ವರ್ಷದಲ್ಲಿ 84ಕ್ಕೆ ಬಂದೆ. ಈಗ 92. ಪೋಸ್ಟರಿನಲ್ಲಿ ಇಲ್ಲದ್ದನ್ನು ಕೇಳಿದ್ದೀರಿ, ಹೇಳುತ್ತೇನೆ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸೋಕೆ ಆಗಲ್ಲ, ಇದು ತಲೆಯಲ್ಲಿರಲಿ. ಸಣ್ಣ ತೂತುಗಳ ಕೀಹೋಲ್ ಆಪರೇಷನ್, ಮೂರನೇ ದಿನ ಮನೆಗೆ ಬಂದೆ. ನೋವು ನಾನು ಹೆದರಿದಷ್ಟು ಇರಲಿಲ್ಲ. ಕಷ್ಟ ಇದ್ದದ್ದು ಆಮೇಲಿನ ತಿಂಗಳುಗಳಲ್ಲಿ. ಮೊದಲು ಬರೀ ನೀರಿನಂಥದ್ದು, ಆಮೇಲೆ ಗಂಜಿಯಂತೆ ಅರೆದದ್ದು, ಆಮೇಲೆ ಮೆತ್ತಗಿನದು. ಎರಡು ತುತ್ತು ಅವಸರದಲ್ಲಿ ನುಂಗಿದರೆ ಎದೆಯಲ್ಲೇ ನಿಂತುಬಿಡುತ್ತದೆ, ವಾಂತಿ ಆಗುವ ತನಕ ಸಮಾಧಾನ ಇಲ್ಲ. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ.

ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರೋಕೆ ಶುರುವಾಯಿತು. ಬಾಚಣಿಗೆ ನೋಡಿದರೆ ಅಳು ಬರುತ್ತಿತ್ತು. ಆರೇಳು ತಿಂಗಳಾದ ಮೇಲೆ ಮತ್ತೆ ಬಂತು. ತೋಳು, ಹೊಟ್ಟೆಯ ಚರ್ಮ ಜೋತು ಬಿದ್ದದ್ದು ಮಾತ್ರ ಹಾಗೇ ಇದೆ.

ಎಲ್ಲಕ್ಕಿಂತ ಬೇಜಾರು ಆಸಿಡ್. ಮೊದಲು ನನಗೆ ಎದೆಯುರಿ ಇರಲಿಲ್ಲ. ಈಗ ದಿನಾ ಬೆಳಗ್ಗೆ ಗ್ಯಾಸ್ಟ್ರಿಕ್ ಮಾತ್ರೆ ಇಲ್ಲದೆ ಆಗಲ್ಲ.

ಹಾಗಾದರೆ ಪಶ್ಚಾತ್ತಾಪ ಇದೆಯಾ? ಇಲ್ಲ. ಬಿಪಿ ಮಾತ್ರೆ ನಿಂತಿದೆ. ಮಗನ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ.

ಮುದ್ದೆ_ಮಹಾರಾಜ

84ರಿಂದ 92 ಆಗಿದೆ ಅಂತ ನೀವೇ ಹೇಳಿದಿರಿ. ಹೊಟ್ಟೆ ಕತ್ತರಿಸಿದ ಮೇಲೂ ಏರುತ್ತದೆ ಅಂದ ಮೇಲೆ ನಾಲ್ಕೂವರೆ ಲಕ್ಷ ಯಾಕೆ ಸ್ವಾಮಿ?

ಸ್ಲೀವ್_ಆದವ

128 ಇದ್ದವನು 92ರಲ್ಲಿ ಇದ್ದೇನಲ್ಲ, ಅದಕ್ಕೆ. ಏರಿದ್ದು ಯಾಕೆ ಅಂತಲೂ ಗೊತ್ತು. ಅನ್ನ ಒಂದು ಹಿಡಿ ಇಳಿಯೋಲ್ಲ, ಆದರೆ ಕೋಡುಬಳೆ, ಚಿಪ್ಸ್, ಸಕ್ಕರೆ ಕಾಫಿ ಆರಾಮಾಗಿ ಇಳಿಯುತ್ತವೆ. ಆಫೀಸಿನಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಬಾಯಾಡಿಸಿದರೆ ಸಣ್ಣ ಹೊಟ್ಟೆ ಏನೂ ಮಾಡಲಾರದು. ಡಾಕ್ಟರು ಮೊದಲೇ ಹೇಳಿದ್ದರು.

ಹೊಸಪೇಟೆ_ಹುಲಿ

ಎಲ್ಲಾ ಸೋಮಾರಿಗಳ ದಾರಿ. ಬಾಯಿಗೆ ಬೀಗ ಹಾಕೋಕೆ ಬರದವರು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಾರೆ 😂

ಮಲ್ನಾಡ್_ವೈದ್ಯ

ಹುಲಿಯವರೇ, ನಗು ಒಂದು ನಿಮಿಷ ನಿಲ್ಲಿಸಿ.

ಅಮೆರಿಕದಲ್ಲಿ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ 14 ಜನರನ್ನು ಆರು ವರ್ಷದ ನಂತರ ಪರೀಕ್ಷೆ ಮಾಡಿದರು. 2016ರಲ್ಲಿ ಫಲಿತಾಂಶ ಬಂತು. ಇವರು ಸೋಮಾರಿಗಳಲ್ಲ, ದಿನವಿಡೀ ಬೆವರು ಸುರಿಸಿ ಇಳಿಸಿದವರು. ಹೆಚ್ಚಿನವರಿಗೆ ಇಳಿದ ತೂಕದ ಬಹುಪಾಲು ವಾಪಸ್ ಬಂದಿತ್ತು. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿ, ಅಷ್ಟೇ ತೂಕದ ಬೇರೆಯವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಅಂದರೆ ಒಂದು ಹೊತ್ತಿನ ಊಟ ಶಾಶ್ವತವಾಗಿ ಬಿಟ್ಟರೆ ಮಾತ್ರ ಸಮ ಸಮ. ಜೊತೆಗೆ ಹಸಿವಿನ ಹಾರ್ಮೋನು ಏರುತ್ತದೆ. ಇದನ್ನು ವರ್ಷಗಟ್ಟಲೆ ಬರೀ ಮನಸ್ಸು ಗಟ್ಟಿ ಮಾಡಿ ಗೆಲ್ಲುವವರು ಇದ್ದಾರೆ, ಆದರೆ ಕಡಿಮೆ.

ಆಪರೇಷನ್ ಕೆಲಸ ಮಾಡೋದು ಹೊಟ್ಟೆ ಸಣ್ಣದಾಗೋದರಿಂದ ಮಾತ್ರ ಅಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ತಯಾರಾಗೋದು ಹೊಟ್ಟೆಯ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗುತ್ತದೆ. ಊಟ ಬೇಗ ಸಣ್ಣ ಕರುಳಿಗೆ ತಲುಪುವುದರಿಂದ ಹೊಟ್ಟೆ ತುಂಬಿದ ಸಂಕೇತವೂ ಬೇಗ ಹೋಗುತ್ತದೆ.

ಚಿಕ್ಮಗ್ಳೂರ್_ಕಾಫಿ

ಡಾಕ್ಟ್ರೇ, ಆ ಕಡಿಮೆ ಜನರಲ್ಲಿ ನಾನೊಬ್ಬ. 88ರಿಂದ 73ಕ್ಕೆ ಬಂದು ನಾಲ್ಕೈದು ವರ್ಷ ಅಲ್ಲೇ ಇದ್ದೇನೆ. ಏನೂ ಮಂತ್ರ ಇಲ್ಲ. ರಾತ್ರಿ ಏಳೂವರೆ ಒಳಗೆ ಊಟ. ಕಾಫಿಗೆ ಸಕ್ಕರೆ ಬಂದ್. ತೋಟದಲ್ಲಿ ಬೈಕ್ ಬಿಟ್ಟು ನಡಿಗೆ. ಅಕ್ಕಿ ರೊಟ್ಟಿ ಮೂರರ ಬದಲು ಒಂದು, ಜೊತೆಗೆ ಮೊಟ್ಟೆ ಎರಡು. ದುಡ್ಡು ಒಂದು ರೂಪಾಯಿ ಖರ್ಚಾಗಲಿಲ್ಲ.

ಕೋಸಂಬರಿ_ಅಕ್ಕ

ಶಭಾಷ್. ನಿಜವಾಗಿಯೂ ದೊಡ್ಡ ಕೆಲಸ. ಎತ್ತರ ಎಷ್ಟು?

ಚಿಕ್ಮಗ್ಳೂರ್_ಕಾಫಿ

ಐದು ಅಡಿ ಎಂಟು.

ಕೋಸಂಬರಿ_ಅಕ್ಕ

ಅಂದರೆ ನೀವು ಶುರು ಮಾಡಿದಾಗ ಬಿಎಂಐ ಹತ್ತಿರ ಹತ್ತಿರ 29.5. ಮೇಡಂ ಇರೋದು 39.6ರಲ್ಲಿ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ ಅನ್ನೋದೇ ನನ್ನ ತಕರಾರು. ತೂಕದ ಶೇ. 7ರಿಂದ 10 ಇಳಿಸೋಕೆ ಊಟ, ನಡಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಶುಗರ್ ಬರೋ ಅಂಚಿನಲ್ಲಿ ಇರುವವರಿಗೆ ಅಷ್ಟು ಸಾಕು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ಊಟ-ನಡಿಗೆ ಬದಲಾವಣೆಯಿಂದ ಶುಗರ್ ಬರುವ ಸಾಧ್ಯತೆ ಶೇ. 28.5ರಷ್ಟು ಕಡಿಮೆಯಾಯಿತು. ಅಲ್ಲಿ ತೂಕ ಹೆಚ್ಚೇನೂ ಇಳಿದಿರಲಿಲ್ಲ, ಆದರೂ ಲಾಭ ಆಯ್ತು.

ಆದರೆ 104 ಕೆ.ಜಿ.ಯಲ್ಲಿ ಶೇ. 8 ಅಂದರೆ ಎಂಟು ಕೆ.ಜಿ. 96ಕ್ಕೆ ಬಂದರೆ ಮಂಡಿಗೆ ಸ್ವಲ್ಪ ಹಗುರ, ಶುಗರ್ ಸ್ವಲ್ಪ ಇಳಿಯುತ್ತದೆ. ಆದರೆ ಮೇಡಂ ಹೇಳುತ್ತಿರುವ ತೊಂದರೆಗಳೆಲ್ಲ ಅಷ್ಟಕ್ಕೇ ಹೋಗುತ್ತವೆಯಾ? ಅನುಮಾನ.

ತಲೆಹರಟೆ_ತಮ್ಮ

ತೂಕ ಇಳಿಸಲು ನೂರಕ್ಕೆ ನೂರು ಆಯುರ್ವೇದಿಕ್ ಶೇಕ್, 30 ದಿನದಲ್ಲಿ 12 ಕೆ.ಜಿ. ಗ್ಯಾರಂಟಿ, ಇನ್‌ಬಾಕ್ಸ್‌ಗೆ ಬನ್ನಿ 🙏

ನಿರ್ವಾಹಕ

ಈ ಖಾತೆಗೆ ಒಂದು ವಾರ ರಜೆ. ಫೋನ್ ನಂಬರ್ ಅಳಿಸಿದ್ದೇನೆ.

ಸುಮ್ನೆ_ಬಂದೆ

ಒಂದು ವಾರ ಶೇಕ್ ಕುಡ್ಕೊಂಡು ಇರಲಿ.

ತುಮಕೂರು_ತಟ್ಟೆಇಡ್ಲಿ

ಯಾರೂ ಈ ವಿಷಯ ಎತ್ತಲಿಲ್ಲ ಅಂತ ಆಶ್ಚರ್ಯ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿಯೊಬ್ಬಳು ಇದೇ ಕೊಬ್ಬಿನ ಆಪರೇಷನ್ ಆಗಿ ತೀರಿಕೊಂಡಳಲ್ಲ? 21 ವರ್ಷದ ಹುಡುಗಿ. ಅದಾದ ಮೇಲೆ ನಮ್ಮ ಮನೆಯಲ್ಲಿ ಈ ಮಾತೇ ಬಂದ್.

ಮಲ್ನಾಡ್_ವೈದ್ಯ

ಅದು ಬೇರೆ, ಇದು ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯೋದು ಆಕಾರ ಸರಿಪಡಿಸುವ ಚಿಕಿತ್ಸೆ. ಅದರಿಂದ ಶುಗರ್ ವಾಸಿ ಆಗೋದಿಲ್ಲ, ಹಸಿವೂ ಬದಲಾಗೋದಿಲ್ಲ. ಇಲ್ಲಿ ಮಾತಾಡುತ್ತಿರೋದು ಹೊಟ್ಟೆ, ಕರುಳಿನ ಆಪರೇಷನ್. ಎರಡನ್ನೂ "ಕೊಬ್ಬಿನ ಆಪರೇಷನ್" ಅಂತ ಟಿವಿಯವರು ಒಟ್ಟಿಗೆ ಸೇರಿಸಿ ಕೆಡಿಸಿದ್ದಾರೆ.

ಇದರಲ್ಲಿ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 4776 ಜನರ ಮೇಲೆ ನಡೆದ ಅಧ್ಯಯನ 2009ರಲ್ಲಿ ಬಂತು. 30 ದಿನದೊಳಗೆ ತೀರಿಕೊಂಡವರು ಶೇ. 0.3. ಸಾವಿರಕ್ಕೆ ಮೂವರು. ಈಗ ಇನ್ನೂ ಕಡಿಮೆ ಆಗಿದೆ. ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು, ಈ ಮೂರಕ್ಕೆ ಹೆದರಬೇಕು. ಅದಕ್ಕೇ ಎಷ್ಟು ಕೇಸ್ ಮಾಡಿದ್ದೀರಿ, ತೊಂದರೆ ಆದರೆ ರಾತ್ರಿ ಎರಡು ಗಂಟೆಗೆ ಯಾರು ಇರುತ್ತಾರೆ, ಐಸಿಯು ಇದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಸರ್ಜನ್ ಹತ್ತಿರ ಹೋಗಬೇಡಿ.

ಕುಂದಾಪ್ರದ_ಕುಸುಮ

ನಮ್ಮ ಅಣ್ಣಂದು ಬೈಪಾಸ್ ಆಯ್ತು ಮಾರಾಯ್ರೆ. ಹೃದಯದ್ದಲ್ಲ, ಹೊಟ್ಟೆಯದ್ದು, ಹೊಟ್ಟೆಯನ್ನು ಸಣ್ಣ ಚೀಲ ಮಾಡಿ ಕರುಳಿಗೆ ಜೋಡಿಸೋದು. ತೂಕ ಚೆಂದ ಇಳಿಯಿತು, ಇನ್ಸುಲಿನ್ ನಿಂತಿತು. ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಇವನು ಏನು ಮಾಡಿದ? "ನಂಗೀಗ ಎಲ್ಲಾ ಸರಿ ಆಯ್ತು" ಅಂತ ವಿಟಮಿನ್ ಮಾತ್ರೆ ನಿಲ್ಲಿಸಿದ. ಎರಡು ವರ್ಷ ಚೆಕಪ್‌ಗೆ ಹೋಗಲೇ ಇಲ್ಲ. ಪಾದ ಜೋಮು ಹಿಡಿಯಿತು, ಮೆಟ್ಟಿಲು ಇಳಿಯುವಾಗ ಚಪ್ಪಲಿ ಕಾಲಿನಲ್ಲಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬಿ12 ತಳ ಕಂಡಿತ್ತು. ಹಿಮೋಗ್ಲೋಬಿನ್ 8. ಇಂಜೆಕ್ಷನ್ ಕೊಟ್ಟು ಕೊಟ್ಟು ಈಗ ಸುಮಾರಾಗಿದೆ.

ಮತ್ತೆ ಪಾಯಸ ಕುಡಿದರೆ ಆಗುವ ಅವಸ್ಥೆ ನೋಡಬೇಕು. ಹತ್ತು ನಿಮಿಷದಲ್ಲಿ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಹೋಗಿ ಮಲಗಿಬಿಡುತ್ತಾನೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ, ಈಗ ಮದುವೆ ಮನೆಯಲ್ಲಿ ಪಾಯಸದ ಬಕೆಟ್ ಕಂಡರೆ ಅವನೇ ಎಲೆ ಮಡಚುತ್ತಾನೆ.

ಮಲ್ನಾಡ್_ವೈದ್ಯ

ಅದಕ್ಕೆ ಡಂಪಿಂಗ್ ಅಂತೀವಿ. ಬೈಪಾಸ್‌ನಲ್ಲಿ ಜಾಸ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ. ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದೇ ಇದ್ದರೆ ಬಿ1 ಕೊರತೆಯಾಗಿ ಮೆದುಳಿಗೇ ಪೆಟ್ಟು ಬೀಳಬಹುದು, ಅದಕ್ಕೆ ವಾಂತಿಯನ್ನು "ಸರಿಹೋಗುತ್ತೆ" ಅಂತ ಬಿಡಬಾರದು. ಬೈಪಾಸ್ ಆದವರು ಮೈಕೈ ನೋವಿನ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ಕೇಳಿ ತಗೊಂಡು ನುಂಗಬಾರದು. ಸಿಗರೇಟ್ ಬೇಡವೇ ಬೇಡ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ.

ಹೊಸಪೇಟೆ_ಹುಲಿ

ಎಣ್ಣೆ?

ಮಲ್ನಾಡ್_ವೈದ್ಯ

ಅಡುಗೆ ಎಣ್ಣೆ ಕೇಳಿದ್ದಲ್ಲ ಅಂತ ಗೊತ್ತಾಯ್ತು. ಆಪರೇಷನ್ ಆದ ಮೇಲೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಬೇಗ ತಲೆಗೇರುತ್ತದೆ. ತಿನ್ನುವ ಚಟ ಕುಡಿಯುವ ಚಟವಾಗಿ ಬದಲಾದವರನ್ನು ನೋಡಿದ್ದೇನೆ. ಮೊದಲೇ ಕುಡಿತ ಇದ್ದವರಿಗೆ ನಾನು ಈ ಆಪರೇಷನ್ ಹೇಳೋಕೆ ತುಂಬಾ ಯೋಚಿಸುತ್ತೇನೆ.

ವೈಟ್‌ಫೀಲ್ಡ್_ವಾಸಿ

ಈ ಕಾಲದಲ್ಲಿ ಇದ್ದುಕೊಂಡು ಕತ್ತರಿ ಬಗ್ಗೆ ಇಷ್ಟು ಚರ್ಚೆಯಾ? ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ. ಮೌಂಜಾರೊ (ಟಿರ್ಜೆಪಟೈಡ್) 2025ರ ಮಾರ್ಚ್‌ನಲ್ಲಿ ಬಂತು, ವೆಗೊವಿ (ಸೆಮಾಗ್ಲುಟೈಡ್) ಜೂನ್‌ನಲ್ಲಿ. ನಾನು ಮೌಂಜಾರೊ ತಗೊಳ್ಳುತ್ತಿದ್ದೇನೆ. ಹಸಿವೇ ಇಲ್ಲ. ಬಿರಿಯಾನಿ ಮುಂದಿಟ್ಟರೂ ಮನಸ್ಸು ಓಡೋದಿಲ್ಲ. ಮೊದಲ ತಿಂಗಳು ವಾಕರಿಕೆ, ಮಲಬದ್ಧತೆ ಇತ್ತು, ಈಗ ಕಡಿಮೆ.

ಮುದ್ದೆ_ಮಹಾರಾಜ

ತಿಂಗಳಿಗೆ ಎಷ್ಟು ಬೀಳುತ್ತೆ?

ವೈಟ್‌ಫೀಲ್ಡ್_ವಾಸಿ

ಬಿಡುಗಡೆಯಾದಾಗ 2.5 ಮಿ.ಗ್ರಾಂ. ವಯಲ್‌ಗೆ 3,500 ರೂಪಾಯಿ, 5 ಮಿ.ಗ್ರಾಂ.ಗೆ 4,375. ತಿಂಗಳಿಗೆ ನಾಲ್ಕು ಬೇಕು. ನೀವೇ ಲೆಕ್ಕ ಹಾಕಿ. ಕಂಪನಿ ಸಂಬಳ ಇರೋವರೆಗೆ ಓಕೆ.

ಸುಮ್ನೆ_ಬಂದೆ

ಲೆಕ್ಕ ಹಾಕಿದೆ. ನನ್ನ ಹಸಿವೂ ಹೋಯ್ತು.

ಮಲ್ನಾಡ್_ವೈದ್ಯ

ಔಷಧಿ ಒಳ್ಳೆಯದೇ. ಸೆಮಾಗ್ಲುಟೈಡ್‌ನಲ್ಲಿ ಸರಾಸರಿ ಶೇ. 15, ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ ಶೇ. 20ರ ಸುಮಾರಿಗೆ ತೂಕ ಇಳಿದದ್ದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು. ಬಿಪಿ ಮಾತ್ರೆಯಂತೆ ತಗೊಳ್ಳುತ್ತಲೇ ಇರಬೇಕಾಗಬಹುದು. ಸೆಮಾಗ್ಲುಟೈಡ್ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ನಮ್ಮ ಕಂಪನಿಗಳದ್ದು ಬಂದ ಹಾಗೆ ಬೆಲೆ ಇಳಿಯಬಹುದು. ಮೇಡಂಗೆ ಶುಗರ್ ಇರೋದರಿಂದ ಇದನ್ನೂ ಡಾಕ್ಟರ್ ಹತ್ತಿರ ಕೇಳಲೇಬೇಕು. ಪ್ಯಾಂಕ್ರಿಯಾಸ್ (ಇನ್ಸುಲಿನ್ ತಯಾರಿಸುವ ಗ್ರಂಥಿ) ತೊಂದರೆ ಆಗಿದ್ದರೆ, ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮೊದಲೇ ಹೇಳಿ.

ಡಲ್ಲಾಸ್_ಕನ್ನಡಿಗ

ಇಲ್ಲಿ ನಮ್ಮ ಕನ್ನಡ ಕೂಟದಲ್ಲಿ ಅರ್ಧ ಜನ ಇಂಜೆಕ್ಷನ್ ಮೇಲಿದ್ದಾರೆ, ಯಾರೂ ಬಾಯಿ ಬಿಡಲ್ಲ. "ಯೋಗ ಮಾಡ್ತಿದೀನಿ" ಅಂತಾರೆ. ಯುಗಾದಿ ಊಟದಲ್ಲಿ ಹೋಳಿಗೆ ಮಿಕ್ಕಿದಾಗ ಗೊತ್ತಾಯ್ತು.

ಬೆಣ್ಣೆನಗರಿಯವಳು

ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್, ಹುಲಿಯವರಿಗೂ.

ಡಾಕ್ಟ್ರೇ, ನನಗೆ ನಿಜವಾಗಿ ಬೇಕಿರೋದು ಶುಗರ್ ಹೋಗೋದು. ತೆಳ್ಳಗಾಗೋದು ಆಮೇಲಿನ ಮಾತು. ನಮ್ಮ ಅಪ್ಪನಿಗೆ ಶುಗರ್‌ನಿಂದ ಕಾಲ್ಬೆರಳು ತೆಗೆದರು. ಆಪರೇಷನ್ ಆದರೆ ಶುಗರ್ ಪೂರ್ತಿ ಹೋಗುತ್ತಾ? ಯೂಟ್ಯೂಬಲ್ಲಿ ಕೆಲವರು ಡಯಟ್‌ನಲ್ಲೇ ರಿವರ್ಸ್ ಮಾಡಿದೆ ಅಂತಾರಲ್ಲ, ಅದೂ ನಿಜವಾ?

ಮಲ್ನಾಡ್_ವೈದ್ಯ

ಎರಡೂ ನಿಜ, ಎರಡಕ್ಕೂ ಷರತ್ತು ಇದೆ.

ಡಯಟ್ ಮೊದಲು. ಬ್ರಿಟನ್‌ನಲ್ಲಿ ಡೈರೆಕ್ಟ್ ಅಂತ ಅಧ್ಯಯನ ನಡೆಯಿತು, 2017ರಲ್ಲಿ ಫಲಿತಾಂಶ ಬಂತು. ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ, ಅದೂ ಸೂಪ್, ಶೇಕ್ ರೂಪದಲ್ಲಿ, ನರ್ಸ್ ಅಥವಾ ಡಯಟೀಶಿಯನ್ ನಿಗಾದಲ್ಲಿ. ಒಂದು ವರ್ಷಕ್ಕೆ ಶೇ. 46 ಜನರಿಗೆ ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ಬಂತು. 15 ಕೆ.ಜಿ. ಮತ್ತು ಅದಕ್ಕಿಂತ ಜಾಸ್ತಿ ಇಳಿಸಿದವರಲ್ಲಿ ಶೇ. 86. ಎರಡನೇ ವರ್ಷಕ್ಕೆ ಒಟ್ಟು ಲೆಕ್ಕ ಶೇ. 36ಕ್ಕೆ ಬಂತು. ಆದರೆ ಅದರಲ್ಲಿ ತಗೊಂಡದ್ದು ಶುಗರ್ ಬಂದು ಆರು ವರ್ಷ ದಾಟದವರನ್ನು, ಇನ್ಸುಲಿನ್ ಇಲ್ಲದವರನ್ನು. ನಿಮಗೆ ಎಂಟು ವರ್ಷ.

ಆಪರೇಷನ್ ಕಡೆ ಬಂದರೆ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 150 ಜನರ ಮೇಲೆ ನಡೆದ ಪರೀಕ್ಷೆಯ ಐದು ವರ್ಷದ ಲೆಕ್ಕ 2017ರಲ್ಲಿ ಬಂತು. ಎಚ್‌ಬಿಎ1ಸಿ 6 ಅಥವಾ ಕೆಳಗೆ ಬಂದವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಬರೀ ಔಷಧಿಯಲ್ಲಿ ಶೇ. 5. ಸ್ವೀಡನ್‌ನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದವರಲ್ಲಿ ಎರಡು ವರ್ಷಕ್ಕೆ ಶೇ. 72 ಜನರಿಗೆ ಶುಗರ್ ಹೋಗಿತ್ತು, ಹತ್ತು ವರ್ಷಕ್ಕೆ ಶೇ. 36 ಜನರಿಗೆ ಮಾತ್ರ ಹಾಗೆ ಉಳಿದಿತ್ತು. ಅಂದರೆ ಮರಳಿ ಬರುತ್ತದೆ. ಆದರೆ ಅದೇ ಸ್ವೀಡನ್ ಅಧ್ಯಯನದಲ್ಲಿ ಆಪರೇಷನ್ ಆದವರಲ್ಲಿ ಸಾವು ಕಡಿಮೆ ಇತ್ತು.

ಎಂಟು ವರ್ಷದ ಶುಗರ್, ಇನ್ಸುಲಿನ್ ಇಲ್ಲ, ವಯಸ್ಸು 38. ನಿಮ್ಮ ಪ್ಯಾಂಕ್ರಿಯಾಸ್‌ನಲ್ಲಿ ಎಷ್ಟು ಕಸುವು ಉಳಿದಿದೆ ಅಂತ ನೋಡೋಕೆ ಸಿ-ಪೆಪ್ಟೈಡ್ ಅಂತ ರಕ್ತ ಪರೀಕ್ಷೆ ಇದೆ. ಮಾಡಿಸಿ. ಆಪರೇಷನ್‌ಗೆ ಮೊದಲು ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆ ನೋಡೋದು), ನಿದ್ದೆಯ ಪರೀಕ್ಷೆ ಎರಡೂ ಬೇಕು. ಆ ಗೊರಕೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋದು) ಆಗಿದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಗೊತ್ತಿರಬೇಕು. ನಿಮಗೆ ಈಗಲೇ ಎದೆಯುರಿ ಇದೆಯಾ?

ಬೆಣ್ಣೆನಗರಿಯವಳು

ಇದೆ ಸರ್. ರಾತ್ರಿ ಹುಳಿ ತೇಗು ಬಂದು ಎದ್ದು ಕೂರುತ್ತೇನೆ.

ಸ್ಲೀವ್_ಆದವ

ಅಯ್ಯೋ, ಇದನ್ನು ಮೊದಲೇ ಹೇಳಬಾರದಿತ್ತಾ? ಮೇಲೆ ಬರೆದಿದ್ದೇನೆ ನೋಡಿ.

ಮಲ್ನಾಡ್_ವೈದ್ಯ

ಹೌದು. ಎದೆಯುರಿ ಜೋರಾಗಿ ಇರುವವರಿಗೆ, ಅದರ ಜೊತೆ ಶುಗರ್ ಬೇರೆ ಇರುವವರಿಗೆ, ಸ್ಲೀವ್ ಬದಲು ಬೈಪಾಸ್ ಒಳ್ಳೆಯದಾ ಅಂತ ಕೇಳಲೇಬೇಕು. ಬೈಪಾಸ್‌ನಲ್ಲಿ ಆಸಿಡ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ವಿಟಮಿನ್ ಕೊರತೆ ಜಾಸ್ತಿ. ನಿಮ್ಮ ಸರ್ಜನ್ "ಸ್ಲೀವ್" ಅಂತ ಹೇಳುವಾಗ ಎಂಡೋಸ್ಕೋಪಿ ನೋಡಿದ್ದರಾ?

ಬೆಣ್ಣೆನಗರಿಯವಳು

ಇಲ್ಲ. ಹತ್ತು ನಿಮಿಷ ಮಾತಾಡಿ ಪ್ಯಾಕೇಜ್ ಚೀಟಿ ಕೊಟ್ಟರು.

ಕುಂದಾಪ್ರದ_ಕುಸುಮ

ಹಾಗಾದ್ರೆ ಇನ್ನೊಬ್ಬರ ಹತ್ತಿರ ತೋರಿಸಿ ಮಾರಾಯ್ತಿ. ಪ್ಯಾಕೇಜ್ ಚೀಟಿ ಕೊಡೋದಕ್ಕೆ ಮದುವೆ ಹಾಲ್ ಅಂತ ಮಾಡಿದ್ದಾರಾ!

ಪಾಲಿಸಿ_ಕಾಕಾ

ಹುಬ್ಬಳ್ಳಿಯಿಂದ. ಆರೋಗ್ಯ ವಿಮೆಯ ಕ್ಲೇಮ್ ಕೆಲಸ ಮಾಡುತ್ತೇನೆ. ಎಲ್ಲರೂ ರೊಕ್ಕದ ಮಾತು ಬಿಟ್ಟುಬಿಟ್ಟೀರಿ.

ತಂಗೀ, ನಾಲ್ಕೂವರೆ ಲಕ್ಷ ಕೈಯಿಂದ ಕೊಡೋದಕ್ಕೆ ಮೊದಲು ನಿಮ್ಮ ಪಾಲಿಸಿ ಕಾಗದ ತೆಗೆದು ನೋಡಿ. ಐಆರ್‌ಡಿಎಐ (ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಬೊಜ್ಜಿನ ಆಪರೇಷನ್‌ಗೆ ಷರತ್ತು ಬರೆದಿದ್ದಾರೆ. 18 ವರ್ಷ ದಾಟಿರಬೇಕು, ಡಾಕ್ಟರ್ ಸಲಹೆ ಇರಬೇಕು. ಬಿಎಂಐ 40 ಅಥವಾ ಮೇಲೆ ಇರಬೇಕು. ಇಲ್ಲವೇ 35 ಅಥವಾ ಮೇಲಿದ್ದು, ಬೇರೆ ವಿಧಾನದಿಂದ ತೂಕ ಇಳಿಯದೆ, ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ ಅಥವಾ ಹತೋಟಿಗೆ ಬಾರದ ಟೈಪ್ 2 ಶುಗರ್ ಇರಬೇಕು. ನಿಮ್ಮದು 39.6. ನಲವತ್ತಿಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ. ಎರಡನೇ ಬಾಗಿಲು ನಿಮಗೆ ತೆರೆದಿದೆ.

ಆದರೆ ಪಾಲಿಸಿ ತಗೊಳ್ಳುವಾಗ ಶುಗರ್ ಇರೋದನ್ನು ಬರೆದಿದ್ದೀರಾ? ಅದು ಮುಖ್ಯ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ, 2024ರಲ್ಲಿ ನಾಲ್ಕರಿಂದ ಮೂರಕ್ಕೆ ಇಳಿಸಿದರು.

ಕೋಸಂಬರಿ_ಅಕ್ಕ

ಕಾಕಾ ಹೇಳಿದ "ಬೇರೆ ವಿಧಾನದಿಂದ ಇಳಿಯದೆ" ಅನ್ನೋದಕ್ಕೆ ದಾಖಲೆ ಬೇಕಾಗುತ್ತದೆ. ಜಿಮ್ ರಸೀದಿ, ಹಳೇ ಡಯಟ್ ಚೀಟಿ, ಡಾಕ್ಟರ್ ಬರೆದ ತೂಕ, ಏನಿದ್ದರೂ ಒಟ್ಟು ಮಾಡಿ. ಕೀಟೊ ಮಾಡಿದ್ದು ವ್ಯರ್ಥ ಅಂದುಕೊಂಡಿದ್ದಿರಿ, ಕ್ಲೇಮಿಗೆ ಬರುತ್ತದೆ ನೋಡಿ.

ಇನ್ನು ಆಮೇಲೆ ಬರುತ್ತೇನೆ ಅಂದಿದ್ದೆ. ಆಪರೇಷನ್ ಮಾಡಿಸಿದರೂ ಬಿಟ್ಟರೂ ನಿಮ್ಮ ಅಡುಗೆಮನೆ ಬದಲಾಗಲೇಬೇಕು. ಆಪರೇಷನ್ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಹೇಳುತ್ತೇವೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ 8. ನೀವು ಸಸ್ಯಾಹಾರಿ ಆಗಿದ್ದರೆ ಆ ಸಣ್ಣ ಹೊಟ್ಟೆಯಲ್ಲಿ ಅಷ್ಟು ತುಂಬಿಸೋದು ಸುಲಭ ಅಲ್ಲ. ಅದಕ್ಕೆ ಈಗಲೇ ಅಭ್ಯಾಸ ಮಾಡಿ. ಊಟಕ್ಕೆ ಕೂತರೆ ಮೊದಲು ಕಾಳು ಪಲ್ಯ, ಪನೀರ್, ಮೊಸರು. ಆಮೇಲೆ ತರಕಾರಿ. ಅನ್ನ ಕೊನೆಗೆ, ಜಾಗ ಉಳಿದರೆ. ಒಂದು ತಿಂಗಳು ಹೀಗೆ ತಿಂದು ನೋಡಿ. ಇದು ಹಿಂಸೆ ಅನಿಸಿದರೆ ಆಪರೇಷನ್ ಆದ ಮೇಲೆ ಇನ್ನೂ ಕಷ್ಟ.

ಬೆಣ್ಣೆನಗರಿಯವಳು

ಸಸ್ಯಾಹಾರಿ. ಮೊಟ್ಟೆ ತಿನ್ನುತ್ತೇನೆ, ಅತ್ತೆಗೆ ಗೊತ್ತಿಲ್ಲ.

ಸುಮ್ನೆ_ಬಂದೆ

ಅತ್ತೆ ಈ ಚರ್ಚೆ ಓದುತ್ತಿದ್ದರೆ ಆಪರೇಷನ್‌ಗಿಂತ ದೊಡ್ಡ ಸುದ್ದಿ ಇದು.

ಕನಕಪುರ_ಕಾವೇರಿ

ಮಧ್ಯೆ ಬಂದೆ, ಕ್ಷಮಿಸಿ. ನನಗೆ 29, ಪಿಸಿಓಎಸ್ (ಮುಟ್ಟು ಏರುಪೇರಾಗುವ ಹಾರ್ಮೋನು ತೊಂದರೆ) ಇದೆ, ಮದುವೆಯಾಗಿ ಮಕ್ಕಳಿಗೆ ಪ್ರಯತ್ನಿಸುತ್ತಿದ್ದೇವೆ. ತೂಕ 97. ನನಗೂ ಇದೇ ಹೇಳಿದ್ದಾರೆ.

ಮಲ್ನಾಡ್_ವೈದ್ಯ

ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ನಿಲ್ಲಬಾರದು. ತೂಕ ಇಳಿಯುತ್ತಿದ್ದಂತೆ ಮುಟ್ಟು ಸರಿಹೋಗಿ ಅಂದುಕೊಂಡದ್ದಕ್ಕಿಂತ ಬೇಗ ಗರ್ಭ ನಿಲ್ಲಬಹುದು, ಅದಕ್ಕೇ ಎಚ್ಚರ. ಸ್ತ್ರೀರೋಗ ತಜ್ಞರು, ಸರ್ಜನ್ ಇಬ್ಬರನ್ನೂ ಒಟ್ಟಿಗೆ ಕೇಳಿ. ನಿಮ್ಮ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ಮುದ್ದೆ_ಮಹಾರಾಜ

ಎಲ್ಲಾ ಓದಿದೆ. ಇಷ್ಟೆಲ್ಲ ಮಾತ್ರೆ, ಇಷ್ಟೆಲ್ಲ ಪಥ್ಯ, ವರ್ಷಾ ವರ್ಷಾ ರಕ್ತ ಪರೀಕ್ಷೆ. ಇದೇ ಶಿಸ್ತನ್ನು ಆಪರೇಷನ್ ಇಲ್ಲದೆ ಮಾಡಿದರೆ ಆಗಲ್ವಾ ಅನ್ನೋದೇ ನನ್ನ ಪ್ರಶ್ನೆ. ಯಾರೂ ಉತ್ತರ ಕೊಟ್ಟಿಲ್ಲ.

ಸ್ಲೀವ್_ಆದವ

ನಾನು ಕೊಡುತ್ತೇನೆ. ಮೊದಲೂ ಇದೇ ಶಿಸ್ತು ಮಾಡುತ್ತಿದ್ದೆ, ಆದರೆ 24 ಗಂಟೆ ಹಸಿವು. ರಾತ್ರಿ ಹನ್ನೊಂದಕ್ಕೆ ಫ್ರಿಜ್ ಮುಂದೆ ನಿಂತು ನನ್ನ ಜೊತೆ ನಾನೇ ಜಗಳ. ಆಪರೇಷನ್ ಆದ ಮೇಲೆ ಆ ಜಗಳ ನಿಂತಿತು. ಪೂರ್ತಿ ಅಲ್ಲ, ಮುಕ್ಕಾಲು. ಆ ಹಸಿವು ಇಲ್ಲದವರಿಗೆ ಇದು ಅರ್ಥ ಆಗೋದು ಕಷ್ಟ ಅಣ್ಣಾ.

ಮುದ್ದೆ_ಮಹಾರಾಜ

ಸರಿ ಬಿಡಿ. ಆದರೂ ನಾನು ಅಕ್ಕನ ಜಾಗದಲ್ಲಿ ಇದ್ದಿದ್ದರೆ ಒಂದು ವರ್ಷ ನೋಡುತ್ತಿದ್ದೆ.

ಮಲ್ನಾಡ್_ವೈದ್ಯ

ಒಂದು ವರ್ಷ 8.9ರಲ್ಲೇ ಕಾಯೋದು ಬೇಡ. ಕಾಯುವುದಾದರೆ ಮಾತ್ರೆ ಬದಲಿಸಿ, ಶುಗರ್ ಇಳಿಸಿಕೊಂಡು ಕಾಯಲಿ. ಕಣ್ಣು, ಕಿಡ್ನಿ ಪರೀಕ್ಷೆ ಈ ವರ್ಷ ಆಗಿದೆಯಾ ಮೇಡಂ?

ಬೆಣ್ಣೆನಗರಿಯವಳು

ಕಣ್ಣು ಇಲ್ಲ. ಈ ವಾರ ಹೋಗುತ್ತೇನೆ.

ಸದ್ಯಕ್ಕೆ ಹೀಗೆ ಮಾಡುತ್ತೇನೆ. ಎಂಡೋಸ್ಕೋಪಿ, ಸಿ-ಪೆಪ್ಟೈಡ್, ನಿದ್ದೆ ಪರೀಕ್ಷೆ ಮೂರನ್ನೂ ಇಲ್ಲೇ ದಾವಣಗೆರೆಯಲ್ಲೇ ವಿಚಾರಿಸುತ್ತೇನೆ. ರಿಪೋರ್ಟ್ ಹಿಡಿದು ಇನ್ನೊಬ್ಬ ಸರ್ಜನ್. ಶುಗರ್ ಡಾಕ್ಟರ್ ಹತ್ತಿರ ಇಂಜೆಕ್ಷನ್ ಬಗ್ಗೆಯೂ ಕೇಳುತ್ತೇನೆ. ಅಲ್ಲಿವರೆಗೆ ಕೋಸಂಬರಿ ಅಕ್ಕ ಹೇಳಿದ ಹಾಗೆ ಅನ್ನ ಕೊನೆಗೆ. ಬೆಣ್ಣೆ ದೋಸೆ ಮಾತ್ರ ತಿಂಗಳಿಗೊಂದು ಇಟ್ಟುಕೊಳ್ಳುತ್ತೇನೆ, ಅದಕ್ಕೆ ಯಾರೂ ಬೈಯಬೇಡಿ.

ತುಮಕೂರು_ತಟ್ಟೆಇಡ್ಲಿ

ಬೆಣ್ಣೆ ದೋಸೆ ಒಂದು ತಿಂದು ಎದ್ದು ಬಂದ ದಾವಣಗೆರೆಯವರನ್ನು ನಾನು ನೋಡಿಲ್ಲ.

ಹೊಸಪೇಟೆ_ಹುಲಿ

ನರ್ಗೀಸ್ ಮಂಡಕ್ಕಿಗೆ ಪರ್ಮಿಷನ್ ಇದೆಯಾ ಅಕ್ಕ?

ಕೋಸಂಬರಿ_ಅಕ್ಕ

ಜೊತೆಗಿನ ಮಿರ್ಚಿ ಬಿಟ್ಟರೆ ಇದೆ.

ಬೆಣ್ಣೆನಗರಿಯವಳು

ಮಿರ್ಚಿ ಬಿಟ್ಟು ಮಂಡಕ್ಕಿಯಾ! ಕಾಕಾ, ಪಾಲಿಸಿ ನೋಡಿದೆ. 2021ರದ್ದು, ಶುಗರ್ ಬರೆದಿದ್ದೇವೆ. ಯಜಮಾನರ ಕಂಪನಿಯದೂ ಒಂದು ಇದೆ. ಯಾವುದರಲ್ಲಿ ಹಾಕೋದು?

ಪಾಲಿಸಿ_ಕಾಕಾ

ಕಂಪನಿಯದರಲ್ಲಿ ಮೊದಲು. ಗುಂಪು ಪಾಲಿಸಿಯಲ್ಲಿ ಕಾಯುವ ಅವಧಿ ಹೆಚ್ಚಾಗಿ ಇರಲ್ಲ, ಆದರೆ ಬೊಜ್ಜಿನ ಆಪರೇಷನ್ ಸೇರಿದೆಯಾ ಅಂತ ಎಚ್‌ಆರ್‌ಗೆ ಮೇಲ್ ಹಾಕಿ ಬರಹದಲ್ಲೇ ಉತ್ತರ ತಗೊಳ್ಳಿ. ಫೋನಿನಲ್ಲಿ "ಹೌದು ಆಗ್ತದ" ಅಂದದ್ದನ್ನು ನಂಬಬೇಡಿ. ಅಡ್ಮಿಟ್ ಆಗುವ ಮೊದಲೇ ಕ್ಯಾಶ್‌ಲೆಸ್ ಒಪ್ಪಿಗೆ ಬಂದಿರಬೇಕು. ತೂಕ, ಎತ್ತರ ಡಾಕ್ಟರ್ ಕೈಯಿಂದ ಬರೆಸಿ, ಸಹಿ, ಸೀಲ್, ತಾರೀಖು ಮೂರೂ ಇರಲಿ.